ಆರು ಬಟ್ಟಲು, ಒಂದೇ ಮೇಜು

ಮನೆಯಲ್ಲಿ ಆರು ಮಂದಿ. ಅಜ್ಜಿಗೆ ಉಪ್ಪು ಕಡಿಮೆ ಇರಬೇಕು. ಕಿರಿಯ ಮಗನಿಗೆ ಬಟಾಣಿ ಕಂಡರಾಗದು. ಹಿರಿಯವನು ಕೆಲಸ ಮುಗಿಸಿ ಬರುವಾಗ ರಾತ್ರಿ ಒಂಬತ್ತು. ಎಲ್ಲರಿಗೂ ಒಂದೇ ಅಡುಗೆ ಮಾಡಿದರೆ ಒಬ್ಬರಲ್ಲ ಒಬ್ಬರು ಮುಖ ಸಿಂಡರಿಸುತ್ತಾರೆ. ಬೇರೆ ಬೇರೆ ಮಾಡಿದರೆ ತಾಯಿಯ ಬೆನ್ನು ಮುರಿಯುತ್ತದೆ. ಇದಕ್ಕೆ ದಾರಿ ಏನು?

ಕೆಲವು ವರ್ಷ ಅಮೆರಿಕದ ಒಂದು ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದಾಗ, ಅಲ್ಲಿನ ಒಬ್ಬ ತಾಯಿ ಈ ಪ್ರಶ್ನೆಗೆ ಕೊಟ್ಟ ಉತ್ತರವನ್ನು ನಾನು ಕಣ್ಣಾರೆ ಕಂಡೆ. ಅದು ಚಿಕನ್ ಪಾಟ್ ಪೈ: ಬಟ್ಟಲಿನಲ್ಲಿ ಕೋಳಿ ಮತ್ತು ತರಕಾರಿಯ ಗಟ್ಟಿ ಗೊಜ್ಜು, ಮೇಲೆ ಬೆಣ್ಣೆ ಹಾಕಿ ಕಲಸಿದ ಮೈದಾ ಹಿಟ್ಟಿನ ಮುಚ್ಚಳ. ಅಮೆರಿಕದವರೇ ಬರೆದು ಅಲ್ಲಿಯೇ ಅಚ್ಚಾದ ಮೊದಲ ಅಡುಗೆ ಪುಸ್ತಕವೆಂದು ಹೆಸರಾದ, ಅಮೆಲಿಯಾ ಸಿಮನ್ಸ್ ಅವರ 1796ರ ಪುಸ್ತಕದಲ್ಲೂ ಕೋಳಿ ಪೈ ಇದೆ. ಅದು ಇಡೀ ಮನೆಗೆ ಒಂದೇ ದೊಡ್ಡ ಪೈ. ಈ ತಾಯಿ ಮಾಡುತ್ತಿದ್ದದ್ದು ತಲೆಗೊಂದು.

ಮಾಡುವ ಕ್ರಮ

ಮೊದಲು ಹಿಟ್ಟು. 200 ಗ್ರಾಂ ಮೈದಾಕ್ಕೆ ಚಿಟಿಕೆ ಉಪ್ಪು, ಫ್ರಿಜ್‌ನಿಂದ ಆಗಷ್ಟೇ ತೆಗೆದ 100 ಗ್ರಾಂ ಬೆಣ್ಣೆಯ ಚೂರುಗಳನ್ನು ಹಾಕಿ ಬೆರಳ ತುದಿಯಿಂದ ಉದುರುದುರಾಗಿ ಬೆರೆಸಿರಿ. ಮೂರು ನಾಲ್ಕು ಚಮಚ ತಣ್ಣೀರು ಚಿಮುಕಿಸಿ ಒಟ್ಟುಗೂಡಿಸಿದರೆ ಸಾಕು. ಚಪಾತಿ ಹಿಟ್ಟಿನಂತೆ ನಾದಬಾರದು, ನಾದಿದರೆ ಮುಚ್ಚಳ ಗಡುಸಾಗುತ್ತದೆ. ಬೆಣ್ಣೆ ಚೂರುಚೂರಾಗಿಯೇ ಉಳಿದರೆ, ಓವನ್ನಿನಲ್ಲಿ ಅದು ಕರಗಿದ ಜಾಗ ಟೊಳ್ಳಾಗಿ ಪದರ ಬಿಡುತ್ತದೆ. ಅರ್ಧ ಗಂಟೆ ಫ್ರಿಜ್‌ನಲ್ಲಿಡಿ.

ಅರ್ಧ ಕಿಲೋ ಮೂಳೆಯಿಲ್ಲದ ಕೋಳಿಯನ್ನು ಈರುಳ್ಳಿ, ಕಾಳುಮೆಣಸು, ಪಲಾವ್ ಎಲೆಯೊಂದಿಗೆ ಉಪ್ಪಿಲ್ಲದ ನೀರಿನಲ್ಲಿ ಸಣ್ಣ ಉರಿಯಲ್ಲಿ ಪೂರ್ತಿ ಬೇಯಿಸಿ, ತುಂಡು ಮಾಡಿಡಿ. ಬೆಂದ ನೀರನ್ನು ಸೋಸಿಟ್ಟುಕೊಳ್ಳಿ, ರುಚಿಯೆಲ್ಲ ಅದರಲ್ಲಿದೆ. ಎರಡು ಕ್ಯಾರೆಟ್, ಒಂದು ಆಲೂಗಡ್ಡೆ, ಒಂದು ಲೋಟ ಬಟಾಣಿಯನ್ನು ಬೇರೆ ಬೇರೆಯಾಗಿ ಬೇಯಿಸಿ. 50 ಗ್ರಾಂ ಬೆಣ್ಣೆಯಲ್ಲಿ ಅಷ್ಟೇ ಮೈದಾವನ್ನು ಹಸಿವಾಸನೆ ಹೋಗುವವರೆಗೆ ಹುರಿದು, ಅರ್ಧ ಲೀಟರ್ ಕೋಳಿ ನೀರು, ಅರ್ಧ ಲೋಟ ಹಾಲನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ ತಿರುವಿದರೆ ಗಂಟಿಲ್ಲದ ಗೊಜ್ಜಾಗುತ್ತದೆ. ಅದಕ್ಕೆ ಕೋಳಿ, ಕ್ಯಾರೆಟ್, ಆಲೂಗಡ್ಡೆ, ಮೆಣಸಿನ ಪುಡಿ ಸೇರಿಸಿ.

ಇಲ್ಲಿಯೇ ಆ ತಾಯಿಯ ಜಾಣ್ಮೆ. ಉಪ್ಪು ಹಾಕುವ ಮುಂಚೆ ಅಜ್ಜಿಯ ಬಟ್ಟಲು ತುಂಬುತ್ತಿದ್ದರು. ಆಮೇಲೆ ಉಪ್ಪು ಹಾಕಿ ಚಿಕ್ಕವನ ಬಟ್ಟಲು. ಬಟಾಣಿ ಬೀಳುತ್ತಿದ್ದದ್ದು ಕೊನೆಗೆ, ಅಜ್ಜಿಯ ಬಟ್ಟಲಿಗೆ ಒಂದಿಷ್ಟು, ಉಳಿದವರದಕ್ಕೆ ಒಂದಿಷ್ಟು. ಒಂದೇ ಪಾತ್ರೆ, ಆದರೆ ಎಲ್ಲರಿಗೂ ಅವರವರದು. ನ್ಯಾಯವೆಂದರೆ ಎಲ್ಲರಿಗೂ ಒಂದೇ ಅಳತೆಯಲ್ಲ, ಅವರವರಿಗೆ ಸಲ್ಲಬೇಕಾದುದನ್ನು ಸಲ್ಲಿಸುವುದು ಎಂದು ಸಂತ ಥಾಮಸ್ ಅಕ್ವಿನಾಸರ ಪಾಠದಲ್ಲಿ ಓದಿದ್ದೆ. ಅರ್ಥವಾದದ್ದು ಆ ಅಡುಗೆಮನೆಯಲ್ಲಿ.

ಗೊಜ್ಜು ಆರಿದ ಮೇಲೆಯೇ ಮುಚ್ಚಳ ಹಾಕಬೇಕು. ಬಿಸಿಯಿದ್ದರೆ ಬೆಣ್ಣೆ ಮೊದಲೇ ಕರಗಿ ಹಿಟ್ಟು ಕುಸಿಯುತ್ತದೆ. ಲಟ್ಟಿಸಿದ ಹಿಟ್ಟನ್ನು ಬಟ್ಟಲಿಗಿಂತ ಸ್ವಲ್ಪ ಅಗಲವಾಗಿ ಕತ್ತರಿಸಿ, ಅಂಚಿಗೆ ಒತ್ತಿ, ಹಬೆ ಹೋಗಲು ಎರಡು ಸೀಳು ಕೊಡಿ. ಮೊಟ್ಟೆ ಸವರಿ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 25ರಿಂದ 30 ನಿಮಿಷ ಬೇಯಿಸಿರಿ. ತಪಸ್ಸುಕಾಲದ ಶುಕ್ರವಾರಗಳಲ್ಲಿ ಆ ಮನೆಯಲ್ಲಿ ಕೋಳಿಯ ಬದಲು ಅಣಬೆ, ಕೋಳಿ ನೀರಿನ ಬದಲು ತರಕಾರಿ ಬೆಂದ ನೀರು.

ಒಂದು ಎಚ್ಚರಿಕೆ

ಬೇಯಿಸದ ಪೈಗಳನ್ನು ಫ್ರೀಜರ್‌ನಲ್ಲಿಡಬಹುದು. ಆದರೆ ಪಿಂಗಾಣಿ ಬಟ್ಟಲನ್ನು ಅಲ್ಲಿಂದ ನೇರ ಓವನ್ನಿಗಿಟ್ಟರೆ ಒಡೆದೀತು. ಅಲ್ಯೂಮಿನಿಯಂ ಬಟ್ಟಲು ಒಳ್ಳೆಯದು. ಮೇಲೆ ಕೆಂಪಗಾದರೆ ಸಾಲದು, ನಡುಭಾಗ 74 ಡಿಗ್ರಿ ಮುಟ್ಟಬೇಕು, ಗೊಜ್ಜು ಕುದಿಯಬೇಕು. 2007ರಲ್ಲಿ ಅಮೆರಿಕದಲ್ಲಿ ಅಂಗಡಿಯ ಫ್ರೋಜನ್ ಪೈಗಳಿಂದ ಸಾಲ್ಮೊನೆಲ್ಲಾ ಸೋಂಕು ಹರಡಿ ನೂರಾರು ಮಂದಿ ಕಾಯಿಲೆ ಬಿದ್ದರು. ಮೈಕ್ರೋವೇವ್‌ನಲ್ಲಿ ಪೈ ಎಲ್ಲ ಕಡೆ ಸಮನಾಗಿ ಬಿಸಿಯಾಗದೆ ಇರುವುದೂ ಇಂಥ ಅಪಾಯಕ್ಕೆ ಕಾರಣ.

ಇನ್ನೊಂದು ಅಪಾಯವನ್ನು ಯಾವ ಥರ್ಮಾಮೀಟರೂ ತೋರಿಸದು. ತಲೆಗೊಂದು ಬಟ್ಟಲು ಬಂದಾಗ ಹೊತ್ತಿಗೊಬ್ಬರು, ಮೂಲೆಗೊಬ್ಬರು ತಿನ್ನುವುದು ಸುಲಭವಾಗುತ್ತದೆ. ಆ ಮನೆಯಲ್ಲಿ ಅದಕ್ಕೊಂದು ನಿಯಮವಿತ್ತು: ಬಟ್ಟಲು ಬೇರೆ, ಹೊತ್ತು ಒಂದೇ. ವಾರಕ್ಕೊಮ್ಮೆ, ಭಾನುವಾರ ರಾತ್ರಿ, ಒಂಬತ್ತಕ್ಕೆ ಬರುವ ಮಗನಿಗಾಗಿ ಎಲ್ಲರೂ ಕಾಯುತ್ತಿದ್ದರು.

ಉಳಿದ ಹಿಟ್ಟಿನಲ್ಲಿ ಅವರವರ ಹೆಸರಿನ ಮೊದಲಕ್ಷರ ಕತ್ತರಿಸಿ ಮುಚ್ಚಳಕ್ಕೆ ಅಂಟಿಸುವುದು ತಂದೆಯ ಕೆಲಸ. ನಾನು ಹೋದ ದಿನ ಆತ ಐದೇ ಅಕ್ಷರ ಕತ್ತರಿಸಿದ. ತಂದೆಯೊಡನೆ ಜಗಳವಾಡಿ ಮಗಳು ಮನೆ ಬಿಟ್ಟು ವರ್ಷವಾಗಿತ್ತು. "ಐದು ಸಾಕಲ್ಲ" ಎಂದ ಆತ. ತಾಯಿ ಮಾತಾಡದೆ ಆರನೆಯ ಬಟ್ಟಲನ್ನು ಅಕ್ಷರವಿಲ್ಲದೆಯೇ ಮುಚ್ಚಿ ಫ್ರೀಜರ್‌ನಲ್ಲಿಟ್ಟರು. ತಿಂಗಳಿಗೊಮ್ಮೆ ಹಳೆಯದನ್ನು ತಾನು ತಿಂದು ಹೊಸದನ್ನಿಡುತ್ತೇನೆ ಎಂದು ಆಮೇಲೆ ನನಗೆ ಹೇಳಿದರು. "ಫಾದರ್, ಅವಳು ಬಂದ ದಿನ ಹಳಸಿದ್ದು ಕೊಡಲಾದೀತೇ?"

ನಾನು ಆ ತಂದೆಗೆ ಉಪದೇಶ ಮಾಡಲಿಲ್ಲ. ಮುಂದಿನ ಚಳಿಗಾಲದಲ್ಲಿ ಊಟಕ್ಕೆ ಹೋದಾಗ ಮೇಜಿನ ಮೇಲೆ ಹಿಟ್ಟಿನ ಆರು ಅಕ್ಷರಗಳಿದ್ದವು. ಆರನೆಯದನ್ನು ಆತನೇ ಅಂಟಿಸಿದ. ಅದೇ ರಾತ್ರಿ ಊಟ ಮುಗಿದ ಮೇಲೆ ಮಗಳಿಗೆ ಫೋನ್ ಮಾಡಿದ. ಅವಳು ಫೋನ್ ಎತ್ತಿದಳು. ಅಷ್ಟಕ್ಕೇ ತಾಯಿ ಸೆರಗಿಲ್ಲದ ಆ ದೇಶದಲ್ಲಿ ಅಡುಗೆಯ ಏಪ್ರನ್ನಿನಿಂದ ಕಣ್ಣೊರೆಸಿಕೊಂಡರು.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿ ಓವನ್ ಇಲ್ಲದಿರಬಹುದು, ಪೈ ರುಚಿಸದೆಯೂ ಇರಬಹುದು. ಆದರೆ ಈ ಭಾನುವಾರ ತಟ್ಟೆ ಹಾಕುವಾಗ ಒಮ್ಮೆ ಎಣಿಸಿರಿ. ಕಡಿಮೆ ಬಿದ್ದ ತಟ್ಟೆ ಯಾರದು?