ಬಾಪೂಜಿಯ ಹತ್ತು ರೂಪಾಯಿ

ನನ್ನ ತಂದೆಯವರು ಕಾಲವಾದ ವರ್ಷ, ಅವರ ಮರದ ಪೆಟ್ಟಿಗೆಯ ತಳದಲ್ಲಿ ಹಳೆಯ ಪಂಚೆಯ ಚೂರೊಂದರಲ್ಲಿ ಸುತ್ತಿಟ್ಟಿದ್ದ ಬೆಳ್ಳಿಯ ನಾಣ್ಯವೊಂದು ನನ್ನ ಕೈಗೆ ಬಂದಿತು. ಅದರ ಒಂದು ಮುಖದಲ್ಲಿ ಮಹಾತ್ಮರ ಭಾವಚಿತ್ರವೂ 1869–1948 ಎಂಬ ಅಂಕಿಗಳೂ, ಮತ್ತೊಂದರಲ್ಲಿ ಅಶೋಕಸ್ತಂಭದ ಸಿಂಹಲಾಂಛನವೂ ಹತ್ತು ರೂಪಾಯಿಯ ಮುದ್ರೆಯೂ ಇದ್ದುವು. ಗಾಂಧಿ ಜನ್ಮಶತಾಬ್ದಿಯ ನೆನಪಿಗಾಗಿ 1969ರಲ್ಲಿ ಇಪ್ಪತ್ತು ಪೈಸೆ, ಐವತ್ತು ಪೈಸೆ, ಒಂದು ರೂಪಾಯಿಗಳೊಡನೆ ಹೊರಬಂದ ನಾಣ್ಯವದು. ಹತ್ತು ರೂಪಾಯಿ ಗೃಹಸ್ಥನೊಬ್ಬನಿಗೆ ದೊಡ್ಡ ಮೊತ್ತವೇ ಆಗಿದ್ದ ಆ ದಿನಗಳಲ್ಲಿ, ತಂದೆಯವರು ಅದನ್ನು ಖರ್ಚುಮಾಡದೆ ಕಾಪಾಡಿಕೊಂಡು ಬಂದಿದ್ದರು.

ಆ ನಾಣ್ಯದ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಮರೆಮಾಚಲಾರೆ. ಕಾಲಕ್ರಮದಲ್ಲಿ ಕಪ್ಪಡರಿದ್ದ ಅದನ್ನು ಪೂಜೆಯ ಪಾತ್ರೆಯೆಂದೇ ಭಾವಿಸಿ, ಹುಣಸೆಹಣ್ಣು ಬೂದಿಗಳಿಂದ ಚೆನ್ನಾಗಿ ತಿಕ್ಕಿ, ಫಳಫಳನೆ ಹೊಳೆಯುವಂತೆ ಮಾಡಿ, ಬೆಂಗಳೂರಿನ ಹಿರಿಯ ನಾಣ್ಯಸಂಗ್ರಾಹಕರೊಬ್ಬರ ಬಳಿಗೆ ಒಯ್ದೆನು. ಅವರು ಭೂತಗನ್ನಡಿಯನ್ನು ಹಿಡಿದು ಬಹಳ ಹೊತ್ತು ನೋಡಿ, ನಾಣ್ಯವನ್ನು ಮೆಲ್ಲನೆ ಮೇಜಿನ ಮೇಲಿಟ್ಟು, “ಸ್ವಾಮೀ, ತೊಳೆಯದೆ ತರಬಾರದಾಗಿತ್ತೆ?” ಎಂದರು. ಭಾವಚಿತ್ರದ ಕೆನ್ನೆಯ ಮೇಲೆ ಕೂದಲೆಳೆಯಂಥ ಗೆರೆಗಳು ಎದ್ದಿದ್ದುವು. ಸಂಗ್ರಾಹಕನು ಬೆಲೆಕೊಡುವುದು ನಾಣ್ಯದ ಸಹಜಸ್ಥಿತಿಗೆ, ಉಜ್ಜಿ ತಂದ ಹೊಳಪಿಗಲ್ಲ ಎಂಬುದನ್ನು ಅಂದು ಅರಿತೆನು.

ಇಂಥ ವಸ್ತುವಿಗೆ ಮೂರು ಬೆಲೆಗಳಿವೆ. ಮೊದಲನೆಯದು ಲೋಹದ ಬೆಲೆ: ಈ ನಾಣ್ಯದ ತೂಕ 15 ಗ್ರಾಂ, ಅದರಲ್ಲಿ ನೂರಕ್ಕೆ 80 ಭಾಗ ಬೆಳ್ಳಿ, ಎಂದರೆ ಶುದ್ಧ ಬೆಳ್ಳಿ 12 ಗ್ರಾಂ. ಚಿನಿವಾರ ಪೇಟೆಯಲ್ಲಿ ಆಯಾ ದಿನ ಬೆಳ್ಳಿಯ ಒಂದು ಗ್ರಾಮಿಗಿರುವ ಧಾರಣೆಯನ್ನು ಹನ್ನೆರಡರಿಂದ ಗುಣಿಸಿದರೆ ಲೆಕ್ಕ ಮುಗಿಯಿತು. ಎರಡನೆಯದು ಸಂಗ್ರಹದ ಬೆಲೆ. ಅದು ವಿರಳತೆಯನ್ನು ಅವಲಂಬಿಸಿದ್ದು. ಲಕ್ಷಗಟ್ಟಲೆ ಟಂಕಿಸಿ ಹಂಚಿದ ಸ್ಮಾರಕನಾಣ್ಯವು ಐವತ್ತು ವರ್ಷ ಹಳೆಯದಾದ ಮಾತ್ರಕ್ಕೆ ವಿರಳವಾಗದು. ಮೂರನೆಯದು ನೆನಪಿನ ಬೆಲೆ. ಅದನ್ನು ಯಾವ ವರ್ತಕನೂ ಕೊಡಲಾರನು, ಕೊಡಬೇಕೆಂದು ನಾವು ಕೇಳುವುದೂ ನ್ಯಾಯವಲ್ಲ.

ಮಹಾತ್ಮರ ನೂರೈವತ್ತನೆಯ ಜಯಂತಿಯ ನೆನಪಿಗೆ ನೂರೈವತ್ತು ರೂಪಾಯಿಯ ನಾಣ್ಯ ಹೊರಟಾಗ, ಆಪ್ತರೊಬ್ಬರು ಮಗಳ ಮದುವೆಗೆಂದು ಕೂಡಿಟ್ಟ ಹಣದಿಂದ ಅದನ್ನು ಹತ್ತಾರು ಕೊಳ್ಳಲು ಹೊರಟಿದ್ದರು. 35 ಗ್ರಾಂ ತೂಗುವ ಆ ನಾಣ್ಯದಲ್ಲಿ ಬೆಳ್ಳಿ ಅರ್ಧಭಾಗವಷ್ಟೇ, ಉಳಿದುದು ತಾಮ್ರ, ನಿಕ್ಕಲ್ ಮತ್ತು ಸತುವು. ಟಂಕಸಾಲೆ ಅದನ್ನು ಮಾರಿದ್ದಾದರೋ ಮುಖಬೆಲೆಗಿಂತ ಬಹಳ ಹೆಚ್ಚಿನ ದರಕ್ಕೆ. ಗೌರವದಿಂದ ಒಂದನ್ನು ಕೊಂಡು ಮನೆಯಲ್ಲಿಡಿ, ಲಾಭದಾಸೆಯಿಂದ ಹತ್ತನ್ನು ಕೊಳ್ಳಬೇಡಿ ಎಂದೆನು, ಅವರು ಒಪ್ಪಿದರು.

ಹಳೆಯ ನಾಣ್ಯಕ್ಕೆ ಲಕ್ಷಾಂತರ ರೂಪಾಯಿ ಕೊಡುವೆವೆಂದು ದೂರವಾಣಿಯಲ್ಲಿ ನಂಬಿಸಿ, ತೆರಿಗೆಯೆಂದೂ ದಲ್ಲಾಳಿ ಹಣವೆಂದೂ ಮುಂಗಡ ಕೀಳುವವರ ವಿಷಯವನ್ನೂ ಹೇಳದಿರಲಾರೆ. ತನ್ನ ಹೆಸರನ್ನು ಬಳಸಿ ನಡೆಯುವ ಇಂಥ ವಂಚನೆಯ ವಿರುದ್ಧ ರಿಸರ್ವ್ ಬ್ಯಾಂಕು 2021ರಲ್ಲಿಯೇ ಸಾರ್ವಜನಿಕರನ್ನು ಎಚ್ಚರಿಸಿದೆ. ಅಂಥ ವ್ಯವಹಾರವನ್ನು ತಾನು ನಡೆಸುವುದೂ ಇಲ್ಲ, ಅದಕ್ಕಾಗಿ ಶುಲ್ಕ ಪಡೆಯುವುದೂ ಇಲ್ಲವೆಂದು ಸ್ಪಷ್ಟಪಡಿಸಿದೆ. ಮಾರುವವನಿಂದಲೇ ಮೊದಲು ಹಣ ಕೇಳುವ ಗಿರಾಕಿಯು ಗಿರಾಕಿಯೇ ಅಲ್ಲ.

ವಿದ್ಯಾರ್ಥಿಯಾಗಿ ಲಂಡನ್ನಿನಲ್ಲಿದ್ದಾಗಲೇ ಕಾಸುಕಾಸಿನ ಖರ್ಚನ್ನೂ ಬರೆದಿಟ್ಟು ಲೆಕ್ಕ ಹೊಂದಿಸುತ್ತಿದ್ದ ಮಹನೀಯರ ಮುಖವಿರುವ ನಾಣ್ಯವನ್ನು ಲೆಕ್ಕವರಿಯದೆ ಕೊಳ್ಳುವುದು ಅವರಿಗೆ ಸಲ್ಲುವ ಗೌರವವಲ್ಲ. ಓದುಗರಲ್ಲಿ ನನ್ನ ಬಿನ್ನಹವಿಷ್ಟೆ: ನಿಮ್ಮ ಮನೆಯಲ್ಲಿಯೂ ಅಂಥದೊಂದಿದ್ದರೆ ತೊಳೆಯಬೇಡಿ, ಅಂಚನ್ನು ಹಿಡಿದು ಎತ್ತಿ, ಒಣ ಕಾಗದದ ಲಕೋಟೆಯಲ್ಲಿಟ್ಟು, ಅದನ್ನು ತಂದವರು ಯಾರು, ಯಾವ ವರ್ಷ ತಂದರು ಎಂಬುದನ್ನು ಲಕೋಟೆಯ ಮೇಲೆ ಬರೆದು ಮಕ್ಕಳ ಕೈಗೆ ಕೊಡಿ.