ಕನೆಕ್ಟ್ ಆಯಿತು, ಸದ್ದು ಯಾಕಿಲ್ಲ?

ಗಂಗಾವತಿ, ಆನೆಗೊಂದಿ, ಸಾಣಾಪುರ, ವಿರೂಪಾಪುರಗಡ್ಡೆಯ ಮನೆಗಳಲ್ಲಿ ಟಿವಿಗೆ ಕಂಪ್ಯೂಟರ್ ಕೂಡಿಸಿಕೊಡುವುದು ನನ್ನ ಕೆಲಸ. ಹಳೆಯ ಡೆಸ್ಕ್‌ಟಾಪ್ ಇಲ್ಲವೇ ರಾಸ್ಪ್‌ಬೆರಿ ಪೈ, ಅದರೊಳಗೆ ಲಿನಕ್ಸ್ ಮತ್ತು ವಿಡಿಯೋ ಓಡಿಸುವ ಕೋಡಿ, ಪಕ್ಕದಲ್ಲಿ ಸಿನಿಮಾ, ಬಯಲಾಟ, ಭಜನೆ ತುಂಬಿದ ಹಾರ್ಡ್‌ಡಿಸ್ಕ್. ಗಡ್ಡೆಯ ರೆಸಾರ್ಟ್‌ಗಳು ಸುಪ್ರೀಂ ಕೋರ್ಟ್ ತೀರ್ಪಿನ ಬೆನ್ನಿಗೆ 2020ರ ಮಾರ್ಚ್‌ನಲ್ಲಿ ತೆರವಾದವು. ಅವುಗಳ ಗದ್ದಲವಿಲ್ಲದೆ ಈಗ ರಾತ್ರಿ ಒಬ್ಬರ ಟಿವಿ ಜೋರಾದರೆ ಓಣಿಗೆಲ್ಲ ಕೇಳಿಸುತ್ತದೆ. ನಸುಕಿನಲ್ಲಿ ಗದ್ದೆಗೆ ನೀರು ಕಟ್ಟಲು ಏಳುವವರ ನಿದ್ದೆ ಕೆಡಬಾರದು. ಅದಕ್ಕೇ ಬ್ಲೂಟೂತ್ ಹೆಡ್‌ಫೋನ್ ಕೇಳುವವರು ಹೆಚ್ಚಾಗಿದ್ದಾರೆ.

1. ಕನೆಕ್ಟ್ ಆಗುವುದು ಬೇರೆ, ಸದ್ದು ಬರುವುದು ಬೇರೆ.

ಪರದೆಯ ಮೇಲೆ ‘ಕನೆಕ್ಟೆಡ್’ ಎಂದು ಬಂದರೂ ಹೆಡ್‌ಫೋನ್ ಮೂಕವಾಗಿದ್ದರೆ ಜೋಡಣೆಯನ್ನು ಅಳಿಸಿ ಮತ್ತೆ ಮತ್ತೆ ಜೋಡಿಸಬೇಡಿ. ಸದ್ದು ಎಲ್ಲಿ ನಿಂತಿದೆ ಎಂದು ಹುಡುಕಿ. ಮೊದಲು ಕೋಡಿ ಮುಚ್ಚಿ, ಸೌಂಡ್ ಸೆಟ್ಟಿಂಗ್‌ನಲ್ಲಿ ಹೆಡ್‌ಫೋನ್ ಆರಿಸಿ ಟೆಸ್ಟ್ ಸದ್ದು ಹಾಕಿ. ಅದು ಕೇಳಿಸಿತೆಂದರೆ ಬ್ಲೂಟೂತಿನದು ತಪ್ಪಿಲ್ಲ. ಕೋಡಿ ಇನ್ನೂ ಎಚ್‌ಡಿಎಂಐ ತಂತಿಗೇ ಸದ್ದು ಕಳಿಸುತ್ತಿರುತ್ತದೆ. ಕೋಡಿ ಮತ್ತೆ ತೆರೆದು ಸೆಟ್ಟಿಂಗ್ಸ್, ಸಿಸ್ಟಮ್, ಆಡಿಯೋ ಎಂದು ಹೋಗಿ ಔಟ್‌ಪುಟ್ ಬದಲಿಸಿ. ಅಲ್ಲೇ ‘ಪಾಸ್‌ಥ್ರೂ’ ಆನ್ ಇದ್ದರೆ ಆಫ್ ಮಾಡಿ. ಡಾಲ್ಬಿ ಸದ್ದನ್ನು ಬಿಚ್ಚದೆ ಹಾಗೇ ದಾಟಿಸುವ ಆ ದಾರಿ ಆಂಪ್ಲಿಫೈಯರ್‌ಗೆ ಸರಿ, ಬ್ಲೂಟೂತ್‌ಗೆ ಆಗುವುದಿಲ್ಲ.

2. ಸದ್ದು ಡಬ್ಬಿಯೊಳಗಿಂದ ಬಂದಂತಿದ್ದರೆ ಮೈಕ್ ನೋಡಿ.

ಮೈಕ್ ಇರುವ ಹೆಡ್‌ಫೋನ್‌ಗೆ ಎರಡು ವೇಷ. ಎ2ಡಿಪಿ ಹಾಡು ಕೇಳಲು: ಸ್ಟೀರಿಯೋ, ಸದ್ದು ಒಂದೇ ದಿಕ್ಕಿಗೆ. ಎಚ್‌ಎಫ್‌ಪಿ ಫೋನಿನಲ್ಲಿ ಮಾತಾಡಲು: ಮಾತು ಎರಡೂ ಕಡೆ ಹರಿಯಬೇಕಾದ್ದರಿಂದ ಸದ್ದನ್ನು ಸಾಮಾನ್ಯವಾಗಿ 8 ಇಲ್ಲವೇ 16 ಕಿಲೋಹರ್ಟ್ಸ್‌ಗೆ ಇಳಿಸಿ, ಮೋನೋ ಮಾಡಿ ಕಳಿಸುತ್ತದೆ. ಯಾವುದೋ ಪ್ರೋಗ್ರಾಂ ಮೈಕ್ ತೆರೆದರೆ ಸಾಕು, ಎರಡನೆಯ ವೇಷಕ್ಕೆ ಜಾರುತ್ತದೆ. ಪಲ್ಸ್‌ಆಡಿಯೋ ವಾಲ್ಯೂಮ್ ಕಂಟ್ರೋಲ್‌ನ ಕಾನ್ಫಿಗರೇಶನ್ ಪುಟದಲ್ಲಿ ಎ2ಡಿಪಿ ಆರಿಸಿ. ಟಿವಿಯ ಕಂಪ್ಯೂಟರ್‌ಗೆ ಹೆಡ್‌ಫೋನಿನ ಮೈಕ್ ಬೇಕಾಗುವುದೇ ಅಪರೂಪ.

3. ತುಟಿಗೂ ಮಾತಿಗೂ ತಾಳ ಕೂಡಿಸದೆ ಮನೆ ಬಿಡಬೇಡಿ.

ಗಡ್ಡೆಯ ಅಜ್ಜಿಯೊಬ್ಬರು ಇದನ್ನು ನನಗಿಂತ ಚೆನ್ನಾಗಿ ಹೇಳಿದರು: “ತಮ್ಮಾ, ಬಾಯಿ ಮೊದಲ ಅಲ್ಲಾಡತೈತಿ, ಮಾತು ಆಮ್ಯಾಲ ಬರತೈತಿ.” ಸದ್ದನ್ನು ಕುಗ್ಗಿಸಿ, ಗಾಳಿಯಲ್ಲಿ ಕಳಿಸಿ, ಹೆಡ್‌ಫೋನಿನಲ್ಲಿ ಕೂಡಿಟ್ಟು ಬಿಚ್ಚುವಷ್ಟರಲ್ಲಿ 150ರಿಂದ 250 ಮಿಲಿಸೆಕೆಂಡ್ ಕಳೆದುಹೋಗುವುದು ಸಾಮಾನ್ಯ. ಹಾಡಿಗೆ ಇದು ಲೆಕ್ಕಕ್ಕಿಲ್ಲ. ಮಾತಿನ ದೃಶ್ಯದಲ್ಲಿ ಎದ್ದು ಕಾಣುತ್ತದೆ. ಕಿವಿ ಮಂದವಾದವರು ತುಟಿ ನೋಡಿಯೇ ಅರ್ಧ ಮಾತು ಹಿಡಿಯುತ್ತಾರೆ, ಅವರಿಗೆ ಈ ತಡ ಎಲ್ಲರಿಗಿಂತ ಹೆಚ್ಚು ಕಾಡುತ್ತದೆ. ಕೋಡಿಯಲ್ಲಿ ಸಿನಿಮಾ ಓಡುತ್ತಿರುವಾಗಲೇ ‘ಆಡಿಯೋ ಆಫ್‌ಸೆಟ್’ ತೆರೆದು ಸದ್ದನ್ನು ಮುಂದಕ್ಕೆ ತನ್ನಿ. ಪಾತ್ರದ ಮುಖ ಹತ್ತಿರದಿಂದ ಕಾಣುವ ದೃಶ್ಯ ಹಾಕಿ, ‘ಪ’, ‘ಬ’, ‘ಮ’ ನುಡಿಯುವಾಗ ತುಟಿ ಮುಚ್ಚುವುದನ್ನು ನೋಡುತ್ತ ಹೊಂದಿಸಿ. ನೋಡುವವರನ್ನೇ ಕೂರಿಸಿಕೊಂಡು ಮಾಡಿ. ಅಜ್ಜಿ “ಈಗ ಕೂಡಿತು ನೋಡು” ಅಂದ ಮೇಲೆ ಅದನ್ನೇ ಎಲ್ಲ ವಿಡಿಯೋಗೂ ಡಿಫಾಲ್ಟ್ ಮಾಡಿದೆ. ಸ್ಪೀಕರ್‌ಗೆ ಮರಳಿದಾಗ ಮತ್ತೆ ಸೊನ್ನೆಗೆ ತರಬೇಕೆಂದು ಮನೆಯ ಹುಡುಗರಿಗೆ ಹೇಳಿಕೊಟ್ಟೆ.

4. ಸದ್ದು ತುಂಡಾದರೆ ಹೆಡ್‌ಫೋನನ್ನು ಬೈಯುವ ಮೊದಲು ಹಾರ್ಡ್‌ಡಿಸ್ಕ್ ಸರಿಸಿ.

ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ಯುಎಸ್‌ಬಿ 3.0 ಸಾಧನಗಳೂ ಅವುಗಳ ಕೇಬಲ್ಲುಗಳೂ ಇದೇ ತರಂಗಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತವೆಂದು ಇಂಟೆಲ್ 2012ರಲ್ಲೇ ಬರೆದಿಟ್ಟಿದೆ. ನಮ್ಮಲ್ಲಿ ಬ್ಲೂಟೂತ್ ಡಾಂಗಲ್ಲೂ ಹಾರ್ಡ್‌ಡಿಸ್ಕೂ ಕಂಪ್ಯೂಟರಿನ ಹಿಂದೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಮೊಳದುದ್ದದ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಡಾಂಗಲ್ಲನ್ನು ಟಿವಿಯ ಮುಂದಕ್ಕೆ ತಂದರೆ ಬಹಳ ಮನೆಗಳಲ್ಲಿ ಅಲ್ಲಿಗೇ ಮುಗಿಯಿತು. ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಹಾಕಿದರೆ ಇನ್ನೂ ಒಳ್ಳೆಯದು. ದಪ್ಪ ಕಲ್ಲುಗೋಡೆಯ ಮನೆಗಳಲ್ಲಿ ಪಡಸಾಲೆಯ ಸದ್ದು ಒಳಕೋಣೆಗೆ ದಾಟುತ್ತದೆಂದು ಮಾತು ಕೊಡಬೇಡಿ.

5. ಕರೆಂಟ್ ಹೋಗಿ ಬಂದ ಮೇಲೆ ತಾನೇ ಎದ್ದು ಜೋಡಿಯಾಗಬೇಕು.

ಲಿನಕ್ಸ್‌ನ ಬ್ಲೂಟೂತ್‌ಸಿಟಿಎಲ್ ಕಮಾಂಡ್‌ನಲ್ಲಿ ‘ಪೇರ್’ ಮಾಡಿ ಬಿಟ್ಟರೆ ಸಾಲದು, ‘ಟ್ರಸ್ಟ್’ ಕೂಡ ಕೊಡಿ. ಹೆಡ್‌ಫೋನ್ ತಾನಾಗಿ ಬಂದಾಗ ಒಳಗೆ ಬಿಟ್ಟುಕೊಳ್ಳಲು ಅದು ಬೇಕು. ಪ್ಲಗ್ ಕಿತ್ತು, ಹಾಕಿ, ಕಣ್ಣಾರೆ ನೋಡಿಯೇ ಹೊರಡಿ. ಹಾಗೂ ಜೋಡಿಯಾಗದಿದ್ದರೆ ಮಗನ ಮೊಬೈಲ್ ಅದೇ ಹೆಡ್‌ಫೋನನ್ನು ಎಳೆದುಕೊಂಡಿದೆಯೇ ನೋಡಿ.

6. ಒಬ್ಬರಿಗೆ ಹೆಡ್‌ಫೋನ್, ಉಳಿದವರಿಗೆ ಟಿವಿ. ಇದನ್ನು ಕೇಳಿಯೇ ಕೇಳುತ್ತಾರೆ.

ಮುತ್ಯಾಗೆ ಜೋರಾಗಿ ಬೇಕು, ಸೊಸೆಗೆ ಮೆಲ್ಲಗೆ ಸಾಕು. ಲಿನಕ್ಸ್‌ನಲ್ಲಿ ಸದ್ದು ನಿಭಾಯಿಸುವ ಪಲ್ಸ್‌ಆಡಿಯೋದಲ್ಲೂ ಪೈಪ್‌ವೈರ್‌ನಲ್ಲೂ ಎರಡು ಔಟ್‌ಪುಟ್‌ಗಳನ್ನು ಕೂಡಿಸಿ ಒಂದು ಮಾಡಬಹುದು. ಹೆಡ್‌ಫೋನಿನ ಸದ್ದು ಹಿಂದೆ ಬಿದ್ದರೆ ಟಿವಿಯ ಸದ್ದನ್ನೇ ಅಷ್ಟು ತಡಮಾಡಿ. ಮುತ್ಯಾ ವಾಲ್ಯೂಮನ್ನು ದಿನೇ ದಿನೇ ಏರಿಸುತ್ತಿದ್ದರೆ ಮಾತ್ರ ಮನೆಯವರನ್ನು ಕರೆದು, ಕಿವಿ ಡಾಕ್ಟರಿಗೆ ತೋರಿಸಿ ಎಂದು ಸ್ಪಷ್ಟವಾಗಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ ಕ್ಷೇಮದ ಮಿತಿ 80 ಡೆಸಿಬಲ್ ಸದ್ದು, ವಾರಕ್ಕೆ 40 ಗಂಟೆ. ಅದನ್ನು ಮೀರಿದರೆ ಇರುವ ಕಿವಿಯೂ ಹೋಗಬಹುದು.

7. ಹೊಳೆ ಬರುವ ಮೊದಲು ಎಲ್ಲ ಮುಗಿಸಿ.

2019ರ ಆಗಸ್ಟ್‌ನಲ್ಲಿ ತುಂಗಭದ್ರೆ ಗಡ್ಡೆಯನ್ನು ಸುತ್ತುವರಿದು ನೂರಾರು ಪ್ರವಾಸಿಗರು ಸಿಕ್ಕಿಬಿದ್ದಿದ್ದರು. ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟಾಗ ಒಂದು ಡಾಂಗಲ್ ತರಲೂ ಆಚೆ ದಡಕ್ಕೆ ಹೋಗಲಾಗದು, ನೆಟ್ಟೂ ನಂಬುವಂತಿಲ್ಲ. ಹಾಗಾಗಿ ಅಪ್‌ಡೇಟ್‌ಗಳನ್ನು ಮೇ ತಿಂಗಳಲ್ಲೇ ಮುಗಿಸಿ, ಸರಿಯಾಗಿ ಓಡುತ್ತಿರುವ ಮೆಮೊರಿ ಕಾರ್ಡಿನ ಒಂದು ನಕಲು ಮಾಡಿ ಮನೆಯಲ್ಲೇ ಇಡಿ. ಜೊತೆಗೆ ಉದ್ದ ತಂತಿಯ ಒಂದು ಮಾಮೂಲಿ ಹೆಡ್‌ಫೋನ್ ಕೊಟ್ಟು, ಅದನ್ನು ಚುಚ್ಚುವ ತೂತು ಟಿವಿಯಲ್ಲಿ ಎಲ್ಲಿದೆ ಎಂದು ಅಜ್ಜಿಗೇ ತೋರಿಸಿ ಬನ್ನಿ.