ಅಕ್ವೇರಿಯಂಗೆ ಯಾವ ನಳ್ಳಿಯ ನೀರು?

ಮೀನು ಕೊಳ್ಳಲು ಹೋದಾಗ ನಾವು ಅದರ ಬೆಲೆ, ಆಹಾರ, ಗಾಜಿನ ಟ್ಯಾಂಕಿನ ಅಳತೆ ಎಲ್ಲವನ್ನೂ ಕೇಳುತ್ತೇವೆ. ಮನೆಗೆ ಬಂದು ಯಾವ ನೀರು ತುಂಬಿಸಬೇಕು ಎಂದು ಕೇಳುವವರು ಕಡಿಮೆ. ಹತ್ತಿರದ ನಳ್ಳಿ ತಿರುಗಿಸುತ್ತೇವೆ, ಟ್ಯಾಂಕ್ ತುಂಬುತ್ತದೆ. ಎರಡು ದಿನದಲ್ಲಿ ಮೀನು ಸತ್ತರೆ ಅಂಗಡಿಯವನು ರೋಗದ ಮೀನು ಕೊಟ್ಟ ಎನ್ನುತ್ತೇವೆ. ಎಷ್ಟೋ ಸಲ ಕಾರಣ ನೀರಿನಲ್ಲೇ ಇರುತ್ತದೆ. ನಮ್ಮ ಪಿಯುಸಿ ರಸಾಯನಶಾಸ್ತ್ರ, ಜೀವಶಾಸ್ತ್ರದ ಪಾಠಗಳಿಂದಲೇ ಇದನ್ನು ಅರ್ಥ ಮಾಡಿಕೊಳ್ಳಬಹುದು ಎಂದು ತೋರಿಸಲು ಈ ಲೇಖನ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ನಮಗೆ ಶುದ್ಧವಾದ ನೀರು ಮೀನಿಗೂ ಸುರಕ್ಷಿತ ಎಂದು ಭಾವಿಸಬಾರದು. ಪಾಲಿಕೆಯ ನೀರು ಕುಡಿಯಲು ಯೋಗ್ಯ, ವುಝೂ ಮಾಡಲೂ ಯೋಗ್ಯ. ಆದರೆ ಅದರಲ್ಲಿ ರೋಗಾಣುಗಳನ್ನು ಕೊಲ್ಲಲು ಹಾಕಿದ ಕ್ಲೋರಿನ್ ಇರುತ್ತದೆ. ಭಾರತದ ಕುಡಿಯುವ ನೀರಿನ ಮಾನದಂಡವಾದ ಐಎಸ್ 10500 ಪ್ರಕಾರ, ಕ್ಲೋರಿನ್ ಹಾಕಿದ ನೀರು ಮನೆಯ ನಳ್ಳಿಗೆ ತಲುಪುವಾಗಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಅಂದರೆ ನಳ್ಳಿ ನೀರಿನಲ್ಲಿ ಕ್ಲೋರಿನ್ ಇರುವುದು ಪಾಲಿಕೆಯವರ ತಪ್ಪಲ್ಲ, ಅದು ಇರಲೇಬೇಕು. ನಾವು ಕುಡಿದ ನೀರು ಹೊಟ್ಟೆಗೆ ಹೋಗುತ್ತದೆ, ಅಲ್ಲಿ ಅಷ್ಟು ಕ್ಲೋರಿನ್ ಬೇಗನೆ ಖರ್ಚಾಗಿ ಹೋಗುತ್ತದೆ. ಮೀನಿನ ಕಿವಿರಿನಲ್ಲಿ ನೀರಿಗೂ ರಕ್ತಕ್ಕೂ ನಡುವೆ ಅತಿ ತೆಳುವಾದ ಪೊರೆ ಮಾತ್ರ ಇದೆ. ಕ್ಲೋರಿನ್ ಆ ಪೊರೆಯನ್ನು ಸುಡುತ್ತದೆ. ಮೀನು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಾ ಉಸಿರಿಗೆ ಒದ್ದಾಡುತ್ತದೆ.

ನಮ್ಮ ಮಂಗಳೂರಿನ ಅನೇಕ ಮನೆಗಳಲ್ಲಿ ಒಂದಕ್ಕಿಂತ ಹೆಚ್ಚು ಬಗೆಯ ನೀರಿದೆ. ಒಂದೊಂದನ್ನೂ ನೋಡೋಣ.

ಪಾಲಿಕೆಯ ನೀರು

ಇದು ನೇತ್ರಾವತಿಯ ನೀರು, ತುಂಬೆಯ ಅಣೆಕಟ್ಟಿನಿಂದ ಬರುತ್ತದೆ. ಶುದ್ಧೀಕರಿಸಿದ ನೀರಾದ್ದರಿಂದ ಗುಣ ಬಹುಮಟ್ಟಿಗೆ ಒಂದೇ ರೀತಿ ಇರುತ್ತದೆ. ಕ್ಲೋರಿನ್ ತೆಗೆದರೆ ಅಕ್ವೇರಿಯಂಗೆ ಒಳ್ಳೆಯ ನೀರು. ಅಗಲ ಬಾಯಿಯ ಬಕೆಟ್‌ನಲ್ಲಿ ಮುಚ್ಚದೆ 24 ಗಂಟೆ ಇಟ್ಟರೆ ಕ್ಲೋರಿನ್ ಹೆಚ್ಚುಕಡಿಮೆ ಹಾರಿಹೋಗುತ್ತದೆ. ಏರ್ ಪಂಪ್ ಹಾಕಿದರೆ ಇನ್ನೂ ಬೇಗ.

ಅವಸರವಿದ್ದರೆ ಸೋಡಿಯಂ ಥಯೋಸಲ್ಫೇಟ್ ಇದೆ. ಲ್ಯಾಬಿನಲ್ಲಿ ನಾವು ನೋಡಿರುವ ಬಿಳಿ ಹರಳು ಇದೇ. 1 ಗ್ರಾಂ ಕ್ಲೋರಿನ್ ನಿವಾರಿಸಲು ಸುಮಾರು 7 ಗ್ರಾಂ ಹರಳು ಬೇಕು. 20 ಲೀಟರ್ ಬಕೆಟ್‌ನಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಇದೆ ಎಂದುಕೊಳ್ಳಿ. ಒಟ್ಟು ಕ್ಲೋರಿನ್ 10 ಮಿಲಿಗ್ರಾಂ, ಬೇಕಾದ ಹರಳು 70 ಮಿಲಿಗ್ರಾಂ. 10 ಗ್ರಾಂ ಹರಳಿನಿಂದ 100 ಮಿಲಿಲೀಟರ್ ದ್ರಾವಣ ಮಾಡಿಟ್ಟರೆ ಅದರ 1 ಮಿಲಿಲೀಟರ್‌ನಲ್ಲಿ 100 ಮಿಲಿಗ್ರಾಂ ಇರುತ್ತದೆ. ಒಂದು ಬಕೆಟ್‌ಗೆ ಅಷ್ಟು ಸಾಕು. ಅಂಗಡಿಯಲ್ಲಿ ಸಿಗುವ ಅನೇಕ ಆಂಟಿ ಕ್ಲೋರಿನ್ ಹನಿಗಳಲ್ಲಿ ಇರುವುದೂ ಇದೇ ವಸ್ತು.

ಕೆಲವು ಊರುಗಳಲ್ಲಿ ಕ್ಲೋರಿನ್ ಬದಲು ಕ್ಲೋರಮೈನ್ ಬಳಸುತ್ತಾರೆ. ಅದು ಒಂದು ದಿನ ಇಟ್ಟರೂ ಹೋಗುವುದಿಲ್ಲ. ಥಯೋಸಲ್ಫೇಟ್ ಹಾಕಿದರೆ ಒಡೆಯುತ್ತದೆ, ಆದರೆ ಅಮೋನಿಯ ಉಳಿಯುತ್ತದೆ. ಬೇರೆ ಊರಿನಲ್ಲಿ ಮನೆ ಇರುವವರು ಇದನ್ನು ವಿಚಾರಿಸಿಕೊಳ್ಳಬೇಕು.

ಬಾವಿ ನೀರು

ಬಾವಿ ನೀರಿನಲ್ಲಿ ಸಾಮಾನ್ಯವಾಗಿ ಕ್ಲೋರಿನ್ ಇರುವುದಿಲ್ಲ. ಕೆಲವು ಹಳೆಯ ಮಸೀದಿಗಳ ಹೌಳ್‌ನಲ್ಲಿ ಮೀನು ಆರಾಮವಾಗಿ ಬದುಕುವುದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವ ರೂಢಿಯಿದೆ. ಹಾಕಿದ್ದಾರೆಯೇ ಎಂದು ಮನೆಯ ಹಿರಿಯರನ್ನು ಕೇಳಿಯೇ ನೀರು ತೆಗೆಯಬೇಕು.

ನಮ್ಮ ಕರಾವಳಿಯ ಮುರಕಲ್ಲಿನ ನೆಲದ ಬಾವಿ ನೀರು ಮೆದು, ಸ್ವಲ್ಪ ಆಮ್ಲೀಯ. ನಮ್ಮ ಮನೆಯ ಬಾವಿ ನೀರಿಗೆ ಪಿಎಚ್ ಕಾಗದ ಅದ್ದಿದಾಗ ಬಣ್ಣ 6ರ ಹತ್ತಿರ ನಿಂತಿತು. ನಿಯಾನ್ ಟೆಟ್ರಾದಂಥ ಮೀನಿಗೆ ಇದು ಹಿತ. ಗಪ್ಪಿ, ಮೋಲಿಗಳಿಗೆ ಸ್ವಲ್ಪ ಗಡಸು ನೀರು ಬೇಕು. ಅದಕ್ಕೆ ಸುಲಭದ ದಾರಿ ಇದೆ. ಚೆನ್ನಾಗಿ ತೊಳೆದು ಕುದಿಸಿದ ಮರುವಾಯಿ ಚಿಪ್ಪು ಒಂದು ಹಿಡಿ ಫಿಲ್ಟರ್ ಒಳಗೆ ಹಾಕುವುದು. ಚಿಪ್ಪಿನ ಕ್ಯಾಲ್ಸಿಯಂ ಕಾರ್ಬೊನೇಟ್ ಆಮ್ಲೀಯ ನೀರಿನಲ್ಲಿ ನಿಧಾನವಾಗಿ ಕರಗಿ ಪಿಎಚ್ ಮತ್ತು ಗಡಸುತನ ಎರಡನ್ನೂ ಏರಿಸುತ್ತದೆ.

ಬೋರ್‌ವೆಲ್ ನೀರು

ಇಲ್ಲಿ ಮೂರು ವಿಷಯ ಗಮನಿಸಬೇಕು: ಆಮ್ಲಜನಕ ಕಡಿಮೆ, ಕಾರ್ಬನ್ ಡೈಆಕ್ಸೈಡ್ ಹೆಚ್ಚು, ಕೆಲವು ಕಡೆ ಕಬ್ಬಿಣ ಹೆಚ್ಚು. ತೆಗೆದಾಗ ತಿಳಿಯಾಗಿದ್ದ ನೀರು ಮರುದಿನ ಕಂದು ಬಣ್ಣಕ್ಕೆ ತಿರುಗಿದರೆ ಕಬ್ಬಿಣವಿದೆ ಎಂದರ್ಥ. ಗಾಳಿ ತಾಗಿ ಕರಗಿದ ಫೆರಸ್ ಫೆರಿಕ್ ಆಗಿ ತಳಕ್ಕೆ ಕೂರುತ್ತದೆ. ಅಂಥ ಕಣಗಳು ಕಿವಿರಿಗೆ ಅಂಟುತ್ತವೆ. ಒಂದು ದಿನ ಗಾಳಿಯಾಡಿಸಿ, ತಿಳಿ ಮಾತ್ರ ಬಳಸಬೇಕು. ಬಯಲುಸೀಮೆಯಿಂದ ಬಂದಿರುವ ಹಾಸ್ಟೆಲ್ ಗೆಳೆಯರ ಊರುಗಳಲ್ಲಿ ಬೋರ್‌ವೆಲ್ ನೀರು ಹೆಚ್ಚಾಗಿ ಗಡಸು. ಅಲ್ಲಿ ಗಪ್ಪಿ, ಮೋಲಿ ಸಾಕುವುದೇ ಸುಲಭ.

ಬಳಸಬಾರದ ನೀರು

ಗೀಸರ್‌ನ ಬಿಸಿ ನೀರು ಬೇಡ. ಒಳಗಿನ ತಾಮ್ರದ ಭಾಗಗಳಿಂದ ಬಿಸಿ ನೀರಿಗೆ ತಾಮ್ರ ಸೇರಬಹುದು. ತಾಮ್ರ ಮೀನಿಗೆ ಕೆಟ್ಟದ್ದು, ಸಿಗಡಿ ಮತ್ತು ಬಸವನಹುಳುವಿಗೆ ಇನ್ನೂ ಕೆಟ್ಟದ್ದು. ಹೊಸ ಸಿಮೆಂಟ್ ಟ್ಯಾಂಕಿಯ ನೀರು ಬೇಡ, ಸುಣ್ಣದಂಶದಿಂದ ಪಿಎಚ್ ತುಂಬ ಏರಿರುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿ ಟ್ಯಾಂಕಿ ತೊಳೆದ ವಾರವೂ ಬೇಡ. ಬೆಳಗಿನ ಮೊದಲ ನೀರು ರಾತ್ರಿಯಿಡೀ ಪೈಪಿನಲ್ಲಿ ನಿಂತದ್ದು. ಒಂದೆರಡು ನಿಮಿಷದ ಆ ನೀರನ್ನು ಚೆಲ್ಲದೆ ಗಿಡಕ್ಕೆ ಅಥವಾ ನೆಲ ಒರೆಸಲು ಹಿಡಿದಿಟ್ಟು, ಆಮೇಲಿನ ನೀರನ್ನು ಮೀನಿಗೆ ತೆಗೆಯಿರಿ.

ಆರ್‌ಒ ನೀರು ಅತಿ ಶುದ್ಧ ಎಂದು ಕೆಲವರು ಅದನ್ನೇ ಹಾಕುತ್ತಾರೆ. ದ್ರಾವಣಗಳ ಪಾಠ ನೆನಪಿಸಿಕೊಳ್ಳಿ. ಸಿಹಿನೀರಿನ ಮೀನಿನ ದೇಹದಲ್ಲಿ ಲವಣ ಹೆಚ್ಚು, ಹೊರಗೆ ಕಡಿಮೆ. ಆಸ್ಮೋಸಿಸ್‌ನಿಂದ ನೀರು ಸದಾ ಒಳಗೆ ನುಗ್ಗುತ್ತದೆ, ಮೀನು ಅದನ್ನು ಹೊರಹಾಕುತ್ತಲೇ ಇರಬೇಕು. ಲವಣವೇ ಇಲ್ಲದ ನೀರಿನಲ್ಲಿ ಈ ಶ್ರಮ ಇನ್ನೂ ಹೆಚ್ಚುತ್ತದೆ, ಪಿಎಚ್ ಕೂಡ ಸ್ಥಿರವಾಗಿ ನಿಲ್ಲುವುದಿಲ್ಲ. ಆರ್‌ಒ ಯಂತ್ರ ಹೊರಬಿಡುವ ನೀರಿನಲ್ಲಿ ಲವಣ ಸಾಂದ್ರವಾಗಿರುತ್ತದೆ, ಅದೂ ಬೇಡ.

ಆಯ್ಕೆ ಮಾಡುವ ಬಗೆ

ಮನೆಯ ಪ್ರತಿ ನಳ್ಳಿಯಿಂದ ಒಂದೊಂದು ಗಾಜಿನ ಲೋಟ ನೀರು ಹಿಡಿಯಿರಿ. ವಾಸನೆ ನೋಡಿ, ಪಿಎಚ್ ಬರೆದುಕೊಳ್ಳಿ. ಒಂದು ದಿನ ಮುಚ್ಚದೆ ಇಟ್ಟು ಮತ್ತೆ ಪಿಎಚ್, ಬಣ್ಣ, ತಳದ ಕೆಸರು ನೋಡಿ. ಪಿಎಚ್ 6.5ರಿಂದ 8ರೊಳಗೆ ಇದ್ದು, ಒಂದು ದಿನದಲ್ಲಿ ಹೆಚ್ಚು ಬದಲಾಗದ, ವಾಸನೆ ಮತ್ತು ಕೆಸರು ಇಲ್ಲದ ತಣ್ಣೀರು ಹೆಚ್ಚಿನ ಮೀನುಗಳಿಗೆ ಹೊಂದುತ್ತದೆ. ಅದು ವರ್ಷವಿಡೀ ಸಿಗುತ್ತದೆಯೇ ಎಂಬುದೂ ಮುಖ್ಯ. ಏಪ್ರಿಲ್, ಮೇ ತಿಂಗಳಲ್ಲಿ ತುಂಬೆಯಲ್ಲಿ ನೀರು ಇಳಿದು ರೇಷನಿಂಗ್ ಬಂದಾಗ ಮನೆಗೆ ಟ್ಯಾಂಕರ್ ನೀರು ಬರುತ್ತದೆ, ಅದು ಎಲ್ಲಿಯದು ಎಂದು ತಿಳಿಯುವುದಿಲ್ಲ. ಆಗ ಒಂದೆರಡು ಬಕೆಟ್ ಪರಿಚಿತ ನೀರನ್ನು ಮೊದಲೇ ತೆಗೆದಿಡುವುದು ಒಳ್ಳೆಯದು.

ನೀರು ಬದಲಿಸುವಾಗ ಒಂದು ಸಲಕ್ಕೆ ಕಾಲು ಭಾಗಕ್ಕಿಂತ ಹೆಚ್ಚು ಬೇಡ. ಮೀನಿನ ಅಮೋನಿಯವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಗಳು ಫಿಲ್ಟರ್‌ನಲ್ಲಿವೆ. ಕ್ಲೋರಿನ್ ಅವನ್ನೂ ಕೊಲ್ಲುತ್ತದೆ. ಪಿಎಚ್ ಥಟ್ಟನೆ ಏರಿದರೆ ಹೆಚ್ಚು ಅಪಾಯವಿಲ್ಲದ ಅಮೋನಿಯಂ ವಿಷಕಾರಿ ಅಮೋನಿಯವಾಗುತ್ತದೆ. ಇದು ಸಮತೋಲನದ ಪಾಠದಲ್ಲಿ ಓದಿದ್ದೇ. ಹೊಸ ನೀರಿನ ಉಷ್ಣತೆ ಟ್ಯಾಂಕಿನ ನೀರಿಗಿಂತ ಒಂದೆರಡು ಡಿಗ್ರಿಗಿಂತ ಹೆಚ್ಚು ಬೇರೆಯಾಗಿರಬಾರದು. ಮೀನಿನ ಬಕೆಟ್‌ಗೆ ಸೋಪು ತಾಗಿಸಬೇಡಿ. ತೆಗೆದ ಹಳೆಯ ನೀರನ್ನು ಮಲ್ಲಿಗೆ ಗಿಡಕ್ಕೆ ಹಾಕಿ, ನೈಟ್ರೇಟ್ ಅದಕ್ಕೆ ಗೊಬ್ಬರ.

ಬಾಯಾರಿದ ನಾಯಿಗಾಗಿ ಬಾವಿಗಿಳಿದು ತನ್ನ ಪಾದರಕ್ಷೆಯಲ್ಲಿ ನೀರು ತಂದ ವ್ಯಕ್ತಿಯ ಪಾಪಗಳನ್ನು ಅಲ್ಲಾಹನು ಕ್ಷಮಿಸಿದ ವೃತ್ತಾಂತವನ್ನು ಪ್ರವಾದಿ ಮುಹಮ್ಮದ್ (ಸ) ಹೇಳಿದ್ದನ್ನು ಮದ್ರಸದಲ್ಲಿ ನಾವೆಲ್ಲ ಕೇಳಿದ್ದೇವೆ. ಹೊಳೆಯ ಮೀನಿಗೆ ನೀರು ಸರಿಯಿಲ್ಲದಿದ್ದರೆ ಬೇರೆ ಕಡೆ ಈಜಿ ಹೋಗಬಹುದು. ಗಾಜಿನ ಟ್ಯಾಂಕಿನ ಮೀನಿಗೆ ನಾವು ತುಂಬಿಸಿದ ನೀರು ಬಿಟ್ಟು ಬೇರೆ ದಾರಿಯಿಲ್ಲ. ಮನೆಗೆ ತಂದ ದಿನದಿಂದ ಅದು ನಮ್ಮ ಕೈಯಲ್ಲಿರುವ ಅಮಾನತ್ತು. ಆದ್ದರಿಂದ ಮೀನು ತರುವ ಒಂದು ದಿನ ಮೊದಲೇ ಬಕೆಟ್ ತುಂಬಿಸಿಡಿ.